ಕುದುರೆ ಸಾಮಾನಿಗೆ ತೊಗಲು ಗುಂಡಿ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸನಗರದ ಹತ್ತಿರ ನಮ್ಮ ಮನೆ. ಜಗುಲಿಯೇ ನನ್ನ ಕೆಲಸದ ಜಾಗ. ಕುದುರೆಯ ಬಾರು, ಚೀಲ, ಕಂಬಳಿ ಕಟ್ಟುವ ಪಟ್ಟಿ ಇಂಥವಕ್ಕೆ ಕೈಯಲ್ಲೇ ತೊಗಲು ಗುಂಡಿ ಮಾಡುತ್ತೇನೆ. ಬೆಂಗಳೂರು, ಮೈಸೂರಿನ ಸವಾರಿ ಶಾಲೆಯವರು, ಮದುವೆ ಮೆರವಣಿಗೆಗೆ ಕುದುರೆ ಕೊಡುವವರು, ಸುಮ್ನೆ ಕಲಿಯುವ ಆಸೆ ಇರುವವರು ಫೋನ್ ಮಾಡಿ ಕೇಳುತ್ತಿರುತ್ತಾರೆ. ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ತೊಗಲು ಗುಂಡಿ ಅಂದರೆ ಏನು? ಬಕಲ್ ಇರುವಾಗ ಇದು ಯಾಕೆ ಬೇಕು?

ತೊಗಲಿನ ಪಟ್ಟಿಯ ಅಗಲವಾದ ತುದಿಯನ್ನು ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಬೇಕು. ಅದೇ ಪಟ್ಟಿಯ ಸಣ್ಣ ಬಾಲವನ್ನು ಸುರುಳಿಯ ನಡುವಿನ ತೂತಿನಲ್ಲಿ ತೂರಿಸಿ ಎಳೆಯಬೇಕು. ಗುಂಡಿ ಆಯಿತು. ಹೊಲಿಗೆ ಇಲ್ಲ, ಅಂಟು ಇಲ್ಲ, ಮೊಳೆ ಇಲ್ಲ. ಎದುರಿನ ಬಾರಿನಲ್ಲಿ ಒಂದು ಸೀಳು ಇರುತ್ತದೆ, ಅದೇ ಕಾಜ.

ಬಕಲ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಅಗ್ಗದ ಕಬ್ಬಿಣದ ಬಕಲ್ ನಮ್ಮ ಮಳೆಗೆ ತಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಉಪ್ಪೂ ನೀರಾಗುತ್ತದೆ. ಬಕಲ್ ತುಕ್ಕು ಹಿಡಿಯುತ್ತದೆ, ಆ ತುಕ್ಕು ತೊಗಲಿಗೆ ಕಪ್ಪು ಕಲೆ ಹತ್ತಿಸುತ್ತದೆ, ಕಲೆ ಆದ ಕಡೆ ತೊಗಲು ಬರಬರುತ್ತಾ ಬಿರಿಯುತ್ತದೆ. ಹಿತ್ತಾಳೆ, ಸ್ಟೀಲ್ ಬಕಲ್‌ಗೆ ಈ ತೊಂದರೆ ಇಲ್ಲ. ಆದರೂ ಲೋಹ ಲೋಹವೇ. ಸರಿಯಾಗಿ ಕೂರದಿದ್ದರೆ ಕುದುರೆಯ ಕೆನ್ನೆ ಉಜ್ಜಿ ಗಾಯವಾಗುತ್ತದೆ.

ತೊಗಲು ಗುಂಡಿ ಮೆತ್ತಗೆ ಕೂರುತ್ತದೆ, ಸದ್ದು ಮಾಡುವುದಿಲ್ಲ. ಕಾಡಿನ ದಾರಿಯಲ್ಲಿ ಹರಿದುಹೋದರೂ ಒಂದು ತುಂಡು ಬಾರು, ಒಂದು ಚಾಕು ಇದ್ದರೆ ಮರದ ಕೆಳಗೆ ಕೂತು ಇನ್ನೊಂದು ಮಾಡಿಕೊಳ್ಳಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಗುಣವೇ.

ಯಾವ ಯಾವ ಕಡೆ ಹಾಕಬಹುದು? ಹೊಟ್ಟೆಪಟ್ಟಿಗೂ ಮಾಡಿಕೊಡ್ತೀರಾ?

ಇಲ್ಲ. ಜೀನು ಬಿಗಿಯುವ ಹೊಟ್ಟೆಪಟ್ಟಿಗೆ, ಸವಾರರು ಕಾಲಿಡುವ ರಿಕಾಪಿನ ಬಾರಿಗೆ, ಲಗಾಮು ಬಾಯಿಯ ಕಡಿವಾಣಕ್ಕೆ ಸೇರುವ ಜಾಗಕ್ಕೆ ನಾನು ಗುಂಡಿ ಹಾಕುವುದಿಲ್ಲ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಹಾಕುವುದಿಲ್ಲ. ಅಲ್ಲಿ ಸವಾರರ ಜೀವ ಬಾರಿನ ಮೇಲೆ ನಿಂತಿರುತ್ತದೆ. ಒಳ್ಳೆಯ ಬಕಲ್, ಒಳ್ಳೆಯ ಹೊಲಿಗೆ, ಆಗಾಗ ತಪಾಸಣೆ, ಅಲ್ಲಿಗೆ ಬೇಕಾದ್ದು ಇಷ್ಟು.

ಗುಂಡಿ ಚೆನ್ನಾಗಿ ಒಪ್ಪುವ ಜಾಗಗಳು ಬೇರೆ ಇವೆ. ಜೀನಿನ ಹಿಂದೆ ಕಂಬಳಿ ಕಟ್ಟುವ ಬಾರು, ಚೀಲದ ಮುಚ್ಚಳ, ನೀರಿನ ಬಾಟಲಿಯ ಪಟ್ಟಿ, ಬಾರಿನ ಉಳಿದ ತುದಿ ಅಲ್ಲಾಡದ ಹಾಗೆ ಹಿಡಿಯುವ ಕುಣಿಕೆ, ಎದೆಪಟ್ಟಿಯ ಅಲಂಕಾರ. ಲಾಯದಲ್ಲಿ ಕಟ್ಟುವ ತಲೆಪಟ್ಟಿಗೂ ಹಾಕುತ್ತೇನೆ. ಅದಕ್ಕೊಂದು ಕಾರಣ ಇದೆ. ಕುದುರೆ ಗಾಬರಿಯಾಗಿ ಹಿಂದಕ್ಕೆ ಜಗ್ಗಿದರೆ ಗಟ್ಟಿ ನೈಲಾನ್ ಪಟ್ಟಿ ಹರಿಯುವುದಿಲ್ಲ, ಪೆಟ್ಟೆಲ್ಲ ಕುದುರೆಯ ಕುತ್ತಿಗೆಗೆ ಬೀಳುತ್ತದೆ. ಅಂಥ ಹೊತ್ತಲ್ಲಿ ತೊಗಲೇ ಹರಿಯಬೇಕು. ಹೊಸ ಗುಂಡಿ ಇಪ್ಪತ್ತು ನಿಮಿಷದಲ್ಲಿ ಕಟ್ಟಬಹುದು, ಕುದುರೆಯ ಕುತ್ತಿಗೆ ಹಾಗಲ್ಲ ಅಲ್ವಾ.

ಊರಿನವರು ಇದನ್ನು ಮಲೆನಾಡು ಗಿಡ್ಡ ದನಗಳ ಗಂಟೆಪಟ್ಟಿಗೂ, ಮಳೆಗಾಲದ ಕಂಬಳಿ ಕೊಪ್ಪೆಗೂ ಹಾಕಿಸಿಕೊಂಡಿದ್ದಾರೆ. ದೀಪಾವಳಿಯ ಗೋಪೂಜೆ ಹತ್ತಿರ ಬಂದಾಗ ಗಂಟೆಪಟ್ಟಿಯ ಕೆಲಸವೇ ಜಾಸ್ತಿ.

ಯಾವ ತೊಗಲು ಬೇಕು?

ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ತೊಗಲು. ನಮ್ಮ ದಕ್ಷಿಣದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವ ಹಳೆ ಪದ್ಧತಿ ಇದೆ. ಈ ತೊಗಲಿಗೆ ಒಂದು ಗುಣ: ಒದ್ದೆಯಿದ್ದಾಗ ಯಾವ ಆಕಾರಕ್ಕೆ ತರುತ್ತೀರೋ ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತದೆ. ಗುಂಡಿ ನಿಂತಿರುವುದೇ ಇದರ ಮೇಲೆ.

ಪೇಟೆಯಲ್ಲಿ ಸಿಗುವ ಬ್ಯಾಗು, ಜಾಕೆಟ್ಟಿನ ತೊಗಲು ಬಹುಪಾಲು ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಮೆತ್ತಗಿರುತ್ತದೆ, ನೀರಿಗೆ ತಡೆಯುತ್ತದೆ, ಒಳ್ಳೆಯದೇ. ಆದರೆ ಸುತ್ತಿ ಬಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಗುರುತಿಸುವುದು ಸುಲಭ. ಕತ್ತರಿಸಿದ ಅಂಚು ನೋಡಿ. ನೀಲಿ ಅಥವಾ ಬೂದು ಛಾಯೆ ಇದ್ದರೆ ಕ್ರೋಮ್, ಒಳಗೂ ಹೊರಗೂ ಕಂದು ಇದ್ದರೆ ತೊಗಟೆ ಹದ. ಬಣ್ಣ ಹಾಕದ ತೊಗಟೆ ಹದದ ತೊಗಲಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಬೇಗ ಹೀರಿ ಕಪ್ಪಗೆ ಕಾಣುತ್ತದೆ. ಮೂಸಿ ನೋಡಿದರೂ ತಿಳಿಯುತ್ತದೆ, ಒದ್ದೆ ಮರದ ವಾಸನೆ ಬರುತ್ತದೆ.

ದಪ್ಪ 2 ಮಿಲಿಮೀಟರ್ ಇರಲಿ. ಹಸುವಿನ ಅಥವಾ ಎಮ್ಮೆಯ ತೊಗಲು, ಅದರಲ್ಲೂ ಬೆನ್ನಿನ ಭಾಗ. ಹೊಟ್ಟೆಯ ಭಾಗ ಅಗ್ಗಕ್ಕೆ ಸಿಗುತ್ತದೆ, ಆದರೆ ಹಿಗ್ಗುತ್ತದೆ, ಗುಂಡಿಗೆ ಬೇಡ. ಎಮ್ಮೆ ತೊಗಲು ದಪ್ಪ, ಒರಟು. ಬಾರಿಗೆ ಬಹಳ ಒಳ್ಳೆಯದು, ಗುಂಡಿಗೆ ಹಿಂಬದಿ ಹೆರೆದು ತೆಳು ಮಾಡಿಕೊಳ್ಳಬೇಕು. ಆಡಿನದು ತೆಳುವಾದರೂ ಗಟ್ಟಿ, ಚಿಕ್ಕ ಗುಂಡಿಗೆ ಆಗುತ್ತದೆ. ಕುರಿಯದು ಬೇಡ, ಅದರ ಮೇಲ್ಪದರ ಸಿಪ್ಪೆಯ ಹಾಗೆ ಏಳುತ್ತದೆ. ಎಲ್ಲಿಂದ ತಂದರೂ ರಸೀದಿ ತೆಗೆದುಕೊಳ್ಳಿ, ಜೋಪಾನವಾಗಿ ಇಟ್ಟುಕೊಳ್ಳಿ.

ರೆಕ್ಸಿನ್‌ನಲ್ಲಿ ಆಗುತ್ತಾ?

ಆಗುವುದಿಲ್ಲ. ರೆಕ್ಸಿನ್ ಬಟ್ಟೆಯ ಮೇಲಿನ ಪ್ಲಾಸ್ಟಿಕ್ ಲೇಪ. ಎಷ್ಟು ಒದ್ದೆ ಮಾಡಿದರೂ ಆಕಾರ ಹಿಡಿಯುವುದಿಲ್ಲ.

ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಕಡವೆ ಚರ್ಮ ಇದೆ. ಅದರಲ್ಲಿ ಮಾಡಿಕೊಡ್ತೀರಾ?

ದಯವಿಟ್ಟು ತರಬೇಡಿ. ಮಲೆನಾಡಿನ ಹಳೆ ಮನೆಗಳಲ್ಲಿ ಜಿಂಕೆ, ಕಡವೆ ಚರ್ಮ ಇರುವುದು ಹೊಸದಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಂಥ ಚರ್ಮ ಕೊಳ್ಳುವುದು, ಮಾರುವುದು, ಅದರಿಂದ ಸಾಮಾನು ಮಾಡುವುದು ತಪ್ಪು. ಏನು ಮಾಡಬೇಕು ಅಂತ ಅರಣ್ಯ ಇಲಾಖೆಯವರನ್ನೇ ಕೇಳಿ.

ಮಾಡುವ ಕ್ರಮ ಸರಿಯಾಗಿ ಹೇಳಿ. ವಿಡಿಯೋ ನೋಡಿದರೂ ನನಗೆ ಬರುತ್ತಿಲ್ಲ.

20 ಮಿಲಿಮೀಟರ್ ಅಗಲದ ಬಾರಿಗೆ ಒಪ್ಪುವ ಗುಂಡಿಯ ಅಳತೆ ಹೇಳುತ್ತೇನೆ. ಒಂದು ಸಲ ಇದು ಕೈಗೆ ಬಂದರೆ ಚಿಕ್ಕದು ದೊಡ್ಡದು ನೀವೇ ಮಾಡಿಕೊಳ್ಳುತ್ತೀರಿ.

ಪಟ್ಟಿಯ ಒಟ್ಟು ಉದ್ದ 20 ಸೆಂಟಿಮೀಟರ್. ಅದರಲ್ಲಿ 6 ಸೆಂಟಿಮೀಟರ್ ತಲೆ, ಉಳಿದದ್ದು ಬಾಲ. ತಲೆಯ ಅಗಲ 25 ಮಿಲಿಮೀಟರ್, ಬಾಲದ ಅಗಲ 8 ಮಿಲಿಮೀಟರ್. ತಲೆಯಿಂದ ಬಾಲಕ್ಕೆ ಇಳಿಯುವ ಕಡೆ ಚೂಪಾದ ಮೂಲೆ ಬಿಡಬೇಡಿ, ದುಂಡಗೆ ಕತ್ತರಿಸಿ. ಮೂಲೆ ಇದ್ದರೆ ಹರಿಯುವುದು ಅಲ್ಲಿಂದಲೇ. ಬಾಲದ ಕೊನೆಯನ್ನು ತೂರಿಸಲು ಬರುವ ಹಾಗೆ 3 ಮಿಲಿಮೀಟರ್‌ವರೆಗೆ ಚೂಪು ಮಾಡಿ. ತಲೆಯ ತುದಿಯ ಹಿಂಬದಿಯನ್ನು ಕತ್ತಿಯಿಂದ ಹೆರೆದು ಕಾಗದದಷ್ಟು ತೆಳು ಮಾಡಿ. ಈ ಹೆರೆಯುವ ಕೆಲಸವನ್ನು ಹೊಸಬರು ಬಿಟ್ಟುಬಿಡುತ್ತಾರೆ. ಆಮೇಲೆ ಸುರುಳಿಯ ನಡುವೆ ಟೊಳ್ಳು ಉಳಿಯುತ್ತದೆ, ಗುಂಡಿ ಚಪ್ಪಟೆಯಾಗುತ್ತದೆ.

ಈಗ ತೊಗಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಗುಳ್ಳೆ ಏಳುವುದು ನಿಂತ ಕೂಡಲೇ ತೆಗೆದು, ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಇಡಿ. ಬಿಸಿ ನೀರು ಬೇಡವೇ ಬೇಡ. ಕುದಿಯುವ ನೀರಿಗೆ ಬಿದ್ದರೆ ತೊಗಲು ಮುದುಡಿ ಕಟ್ಟಿಗೆಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ನುಣುಪು ಬದಿ ಹೊರಗೆ ಬರುವ ಹಾಗೆ, ತೆಳು ತುದಿಯಿಂದ ಸುತ್ತುತ್ತಾ ಬನ್ನಿ. ಬೀಡಿ ಕಟ್ಟುವವರ ಬೆರಳು ನೋಡಿದ್ದೀರಲ್ಲ, ಹಾಗೆ, ಪ್ರತಿ ಸುತ್ತಿಗೂ ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿ ಬಿಗಿ ಮಾಡಬೇಕು. ಮೂರು ಸುತ್ತಾದಾಗ ಸುಮಾರು 12 ಮಿಲಿಮೀಟರ್ ದಪ್ಪದ ಸುರುಳಿ ಆಗುತ್ತದೆ. ಅದನ್ನು ಬಿಗಿಯಾಗಿ ಹಿಡಿದು, ಉದ್ದದ ಸರಿ ನಡುವಿನಲ್ಲಿ, ಚುಚ್ಚುವ ಉಳಿಯಿಂದ ಆಚೆಗೆ ಬರುವ ಹಾಗೆ ಚುಚ್ಚಿ.

ಇನ್ನು ಸುರುಳಿ ಬಿಚ್ಚಿ. ಪಟ್ಟಿಯ ಮೇಲೆ ಆರು ಚುಕ್ಕೆ ಕಾಣುತ್ತವೆ. ಚುಕ್ಕೆಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ತುದಿಯಲ್ಲಿ ಹತ್ತಿರ ಹತ್ತಿರ, ಬಾಲದ ಕಡೆಗೆ ಬಂದ ಹಾಗೆ ದೂರ ದೂರ. ಸುತ್ತು ದೊಡ್ಡದಾಗುತ್ತಾ ಹೋಗುತ್ತದಲ್ಲ, ಅದಕ್ಕೆ. ಸ್ಕೇಲ್ ಹಿಡಿದು ಮೊದಲೇ ತೂತು ಹೊಡೆಯಲು ಹೋದವರೆಲ್ಲ ಸೋಲುವುದು ಇಲ್ಲೇ. ಒಂದೊಂದು ಚುಕ್ಕೆಯ ಮೇಲೂ 5 ಮಿಲಿಮೀಟರ್ ಪಂಚ್ ಹೊಡೆಯಿರಿ. ಮತ್ತೆ ಸುತ್ತಿ. ಆರೂ ತೂತು ಒಂದರ ಮೇಲೊಂದು ಕೂತು ಒಂದೇ ಸುರಂಗವಾಗುತ್ತದೆ.

ಬಾಲವನ್ನು ಸುರುಳಿಯ ಮೇಲೆ ಮಡಚಿ ಆ ಸುರಂಗಕ್ಕೆ ತೂರಿಸಿ. ತುದಿ ಆಚೆ ಬಂದ ಮೇಲೆ ಇಕ್ಕಳದಿಂದ ಹಿಡಿದು ನಿಧಾನಕ್ಕೆ ಎಳೆಯಿರಿ. ಜಗ್ಗಬೇಡಿ. ಎಳೆದ ಹಾಗೆ ಸುರುಳಿ ತನ್ನನ್ನು ತಾನೇ ಕಚ್ಚಿಕೊಳ್ಳುತ್ತದೆ. ಆ ಕ್ಷಣ ಬೆರಳಿಗೆ ಗೊತ್ತಾಗುತ್ತದೆ. ಇಷ್ಟು ವರ್ಷ ಆದ ಮೇಲೂ ನನಗೆ ಅದು ಖುಷಿ ಕೊಡುತ್ತದೆ.

ಕೊನೆಗೆ ಬೀಟೆಮರದ ನುಣುಪಾದ ತುಂಡಿನಿಂದ ಸುತ್ತಲೂ ಉಜ್ಜಿ, ಅಂಚು ಕೂರಿಸಿ. ಬಾಲವನ್ನು ಬಾರಿನ ತೂತಿನಲ್ಲಿ ತೂರಿಸಿ, ಬಾಲದಲ್ಲೇ ಒಂದು ಸಣ್ಣ ಸೀಳು ಮಾಡಿ, ತುದಿಯನ್ನು ಆ ಸೀಳಿನೊಳಗೆ ಎಳೆದರೆ ಅದೇ ಬೀಗ.

ಕಾಜ ಎಷ್ಟು ಉದ್ದ ಇರಬೇಕು?

ಗುಂಡಿಯ ದಪ್ಪದ ಒಂದೂವರೆ ಪಟ್ಟು. ನಮ್ಮ 12 ಮಿಲಿಮೀಟರ್ ಗುಂಡಿಗೆ 18. ಹಾಕುವಾಗ ಗುಂಡಿಯನ್ನು ಉದ್ದುದ್ದ ತೂರಿಸಿ, ಆಮೇಲೆ ಅಡ್ಡ ತಿರುಗಿಸಬೇಕು. ಮೊದಲ ದಿನ ಕಷ್ಟಪಟ್ಟು ತೂರಬೇಕು, ಆಗ ಅಳತೆ ಸರಿ ಅಂತ ಅರ್ಥ. ವಾರ ಕಳೆದರೆ ತೊಗಲು ತಾನೇ ದಾರಿ ಬಿಡುತ್ತದೆ. ಸೀಳಿನ ಎರಡೂ ಕೊನೆಗೆ 3 ಮಿಲಿಮೀಟರ್ ದುಂಡು ತೂತು ಹೊಡೆಯುವುದನ್ನು ಮರೆಯಬೇಡಿ. ಬರೀ ಚಾಕುವಿನ ಗೀರು ಬಿಟ್ಟರೆ ಬಾರು ಉದ್ದಕ್ಕೂ ಸೀಳುತ್ತಾ ಹೋಗುತ್ತದೆ.

ಒಣಗಲು ಎಷ್ಟು ದಿನ? ಒಲೆ ಹತ್ತಿರ ಇಟ್ಟರೆ ಬೇಗ ಆಗುತ್ತಾ?

ಡಿಸೆಂಬರ್, ಜನವರಿಯಲ್ಲಿ ಮೂರು ದಿನ. ಆಷಾಢದಲ್ಲಿ ವಾರ, ಕೆಲವೊಮ್ಮೆ ಹತ್ತು ದಿನ. ನೆರಳಿನಲ್ಲಿ, ಗಾಳಿ ಆಡುವ ಕಡೆ. ಒಲೆಯ ಮುಂದೆ ಇಟ್ಟರೆ ಮೇಲ್ಪದರ ಬೇಗ ಒಣಗಿ ಬಿರುಕು ಬಿಡುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ.

ಒಳಗಿನ ಹಸಿಯ ಬಗ್ಗೆ ನನಗೊಂದು ನೋವಿನ ನೆನಪಿದೆ. ಒಂದು ಜುಲೈಯಲ್ಲಿ ಸವಾರಿ ಶಾಲೆಯೊಂದಕ್ಕೆ ಮೂವತ್ತು ಗುಂಡಿ ಕೊಡಬೇಕಿತ್ತು. ಮುಟ್ಟಿದರೆ ಒಣಗಿದ ಹಾಗಿತ್ತು. ಅವಸರದಲ್ಲಿ ಎಣ್ಣೆ ಹಚ್ಚಿ ಕಳಿಸಿಬಿಟ್ಟೆ. ಎರಡು ವಾರಕ್ಕೆ ಸುರುಳಿಗಳು ಸಡಿಲವಾದವು. ಓಟದ ನಡುವೆ ಒಂದು ಚೀಲ ಕಳಚಿ ಕುದುರೆಯ ಕಾಲಿಗೆ ಬಡಿಯಿತು. ಕುದುರೆ ಬೆದರಿತು. ಮೇಲಿದ್ದದ್ದು ಹನ್ನೆರಡು ವರ್ಷದ ಹುಡುಗಿ. ಅವಳು ಗಟ್ಟಿಯಾಗಿ ಕೂತಳು, ಏನೂ ಆಗಲಿಲ್ಲ. ಆದರೆ ಆ ಫೋನ್ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತನ್ನೂ ಹೊಸದಾಗಿ ಮಾಡಿಕೊಟ್ಟೆ.

ಅಂದಿನಿಂದ ಬೆರಳನ್ನು ನಂಬುವುದಿಲ್ಲ, ತೂಗುತ್ತೇನೆ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಸಾಕು. ದಿನಾ ಬೆಳಿಗ್ಗೆ ಒಂದೇ ಗುಂಡಿ ತೂಗಿ ಬರೆದಿಡಿ. ನೀರು ಹೋದ ಹಾಗೆ ತೂಕ ಇಳಿಯುತ್ತದೆ. ಎರಡು ದಿನ ಒಂದೇ ತೂಕ ಬಂದರೆ ಒಳಗೂ ಒಣಗಿದೆ ಅಂತ. ಆಮೇಲೆ ಎಣ್ಣೆ.

ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಆಗುತ್ತಾ?

ಹರಳೆಣ್ಣೆ. ಹಳೆ ಕಾಲದಲ್ಲಿ ಚಪ್ಪಲಿಗೆ ಹಚ್ಚುತ್ತಿದ್ದದ್ದೂ ಅದೇ. ಎರಡು ಪಾಲು ಹರಳೆಣ್ಣೆಗೆ ಒಂದು ಪಾಲು ಜೇನುಮೇಣ ಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಆರಿದ ಮೇಲೆ ಬಟ್ಟೆಯಲ್ಲಿ ತೆಳುವಾಗಿ ಉಜ್ಜಿ. ಜಾಸ್ತಿ ಹಚ್ಚಿದರೆ ಗುಂಡಿ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಬಾರಿಗೆ ಎಣ್ಣೆ ಧಾರಾಳವಾಗಿ, ಗುಂಡಿಗೆ ಕಂಜೂಸಾಗಿ, ಇದು ನನ್ನ ಲೆಕ್ಕ. ಕೊಬ್ಬರಿ ಎಣ್ಣೆ ನನಗೆ ಒಪ್ಪಿಗೆಯಿಲ್ಲ. ನಮ್ಮ ಚಳಿಗೆ ಅದು ಗಟ್ಟಿಯಾಗಿ ಬಿಳಿ ಬಿಳಿ ಕೂರುತ್ತದೆ.

ನಿಮ್ಮ ಗುಂಡಿಗೆ ಆ ಕೆಂಪು ಬಣ್ಣ ಹೇಗೆ ಬರುತ್ತದೆ?

ಅಡಿಕೆ ಚೊಗರು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗಾಗಿ ಬರೆಯುತ್ತೇನೆ. ಕೆಂಪಡಿಕೆ ಮಾಡುವಾಗ ಎಳೆ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಕೆಂಪಾಗಿ, ಒಗರಾಗಿ, ಮತ್ತೆ ಮತ್ತೆ ಬೇಯಿಸಿದ ಹಾಗೆ ಗಟ್ಟಿಯಾಗುತ್ತದೆ. ಅದೇ ಚೊಗರು. ಅಡಿಕೆಗೆ ಹೊಳಪು ಬರಲು ಹಾಕುವುದೂ ಇದನ್ನೇ. ಕೊಯ್ಲಿನ ಕಾಲದಲ್ಲಿ ಅಂಗಿಗೆ ಒಂದು ಹನಿ ಬಿದ್ದರೆ ಅಮ್ಮ ಬೈಯುತ್ತಿದ್ದರು, ಯಾಕೆಂದರೆ ಆ ಕಲೆ ಹೋಗುವುದಿಲ್ಲ. ಹೋಗದ ಕಲೆ ಅಂದರೆ ಒಳ್ಳೆಯ ಬಣ್ಣ ತಾನೇ. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದವರು ಕೈಮಗ್ಗದ ಬಟ್ಟೆಗೆ ಇದನ್ನು ಬಳಸುತ್ತಾರೆ. ನನಗೆ ತೊಗಲಿಗೂ ಹಾಕಿ ನೋಡುವ ಧೈರ್ಯ ಬಂದದ್ದು ಆ ಬಟ್ಟೆ ನೋಡಿದ ಮೇಲೆ.

ಗಟ್ಟಿ ಚೊಗರು ಒಂದು ಪಾಲು, ನೀರು ಮೂರು ಪಾಲು. ಬಟ್ಟೆಯಲ್ಲಿ ಸೋಸಿ, ಪಟ್ಟಿಗೆ ಮೂರು ಸಲ ಹಚ್ಚಿ, ಪ್ರತಿ ಸಲವೂ ಒಣಗಲು ಬಿಡಿ. ಸುತ್ತುವ ಮುಂಚೆಯೇ ಹಚ್ಚಬೇಕು, ಇಲ್ಲದಿದ್ದರೆ ಮಡಿಕೆಯೊಳಗೆ ಬಣ್ಣ ಇಳಿಯುವುದಿಲ್ಲ. ಚೆನ್ನಾಗಿ ಸುಟ್ಟ ಇಟ್ಟಿಗೆಯಂಥ ಬಣ್ಣ ಬರುತ್ತದೆ, ಬಿಸಿಲಿಗೆ ಇನ್ನೂ ಗಾಢವಾಗುತ್ತದೆ.

ಕಪ್ಪು ಬೇಕಾದರೆ ಅದೇ ಪಟ್ಟಿಯ ಮೇಲೆ ಕಬ್ಬಿಣದ ನೀರು. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿ, ಮುಚ್ಚಳ ಸಡಿಲ ಬಿಡಿ, ಗಾಳಿ ಹೊರಗೆ ಹೋಗಬೇಕು. ಬಟ್ಟೆಯ ಮೇಲೆ ಕಲಂಕಾರಿ ಚಿತ್ರ ಬರೆಯುವವರು ಬೆಲ್ಲದ ನೀರಿನಲ್ಲಿ ಕಬ್ಬಿಣ ಕೊಳೆಸಿ ಕಪ್ಪು ತೆಗೆಯುತ್ತಾರೆ, ಅದೂ ಆಗುತ್ತದೆ. ಹಚ್ಚಿದ ಕೂಡಲೇ ತೊಗಲು ಕಣ್ಣೆದುರೇ ಕಪ್ಪಾಗುತ್ತದೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ಗುಟ್ಟು. ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು. ಬಕಲ್ ತುಕ್ಕಿನ ಕಲೆಯೂ ಹೀಗೇ ಆಗುವುದು. ಆದ್ದರಿಂದ ಕಬ್ಬಿಣದ ನೀರು ಒಂದೇ ಸಲ, ತೆಳುವಾಗಿ. ಆಮೇಲೆ ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಒರೆಸಿ, ಹುಳಿ ಹೋಗಲಿ.

ಬೂಸ್ಟು ಹಿಡಿದಿದೆ. ಎಸೆಯಬೇಕಾ?

ಬೇಡ. ಹೊರಗೆ ತೆಗೆದುಕೊಂಡು ಹೋಗಿ ಒಣಬಟ್ಟೆಯಲ್ಲಿ ಒರೆಸಿ. ಅರ್ಧ ವಿನೆಗರ್ ಅರ್ಧ ನೀರು ಮಾಡಿ, ಬಟ್ಟೆ ಹಿಂಡಿ ಒರೆಸಿ, ನೆರಳಿನಲ್ಲಿ ಒಣಗಿಸಿ, ತೆಳುವಾಗಿ ಮೇಣ ಉಜ್ಜಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಡಿ, ಅದೇ ಬೂಸ್ಟಿನ ಮನೆ. ಹತ್ತಿಬಟ್ಟೆಯ ಚೀಲದಲ್ಲಿ ಹಾಕಿ ಅಟ್ಟದಲ್ಲಿ ಇಡಿ.

ಕೋಟಿಗೆ ಹಾಕುವ ಹೆಣೆದ ತೊಗಲು ಗುಂಡಿಯೂ ಇದೇನಾ?

ಅದು ಬೇರೆ. ತೆಳುವಾದ ದಾರದಂಥ ಬಾರನ್ನು ಒಂದರ ಮೇಲೊಂದು ದಾಟಿಸಿ ಹೆಣೆಯುವ ಗಂಟು ಅದು. ಅರ್ಜೆಂಟೀನಾದ ದನ ಕಾಯುವ ಸವಾರರಾದ ಗೌಚೊಗಳು ಈ ಕೆಲಸದಲ್ಲಿ ಬಹಳ ಹೆಸರು ಮಾಡಿದವರು. ಅವರು ಹದ ಮಾಡದ ಹಸಿ ತೊಗಲಿನ ಎಳೆಯಲ್ಲಿ ಲಗಾಮಿನ ಸುತ್ತ ಇಂಥ ಗಂಟು ಹೆಣೆಯುತ್ತಾರೆ. ಅದನ್ನು ಅವರ ಸ್ಪ್ಯಾನಿಷ್ ಮಾತಿನಲ್ಲಿ ಬೊತೋನ್ ಅನ್ನುತ್ತಾರೆ, ಅಂದರೆ ಗುಂಡಿ. ಒಣಗಿದ ಮೇಲೆ ಮೂಳೆಯಷ್ಟು ಗಟ್ಟಿ. ನಮ್ಮ ಮಳೆಗೆ ಅದು ಸರಿ ಬರುವುದಿಲ್ಲ. ಶ್ರಾವಣದಲ್ಲಿ ಡೊಳ್ಳಿನ ತೊಗಲು ಸಡಿಲವಾಗಿ, ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದ್ದೀರಲ್ಲ. ಹಸಿ ತೊಗಲಿನ ಸ್ವಭಾವವೇ ಅದು. ಹಾಗಾಗಿ ನಾನು ಹೆಣೆಯುವುದಿದ್ದರೆ ಹದ ಮಾಡಿದ ಆಡಿನ ತೊಗಲನ್ನೇ 3 ಮಿಲಿಮೀಟರ್ ಎಳೆಯಾಗಿ ಸೀಳಿ ಹೆಣೆಯುತ್ತೇನೆ.

ಯಾರಿಂದ ಕಲಿತಿರಿ? ಇದು ನಮ್ಮ ನಾಡಿನ ಹಳೆ ಕಲೆಯೇ?

ಸುರುಳಿ ಗುಂಡಿಯನ್ನು ನಾನು ಮೊದಲು ನೋಡಿದ್ದು ರಿಪೇರಿಗೆ ಬಂದ ಒಂದು ವಿದೇಶಿ ಜೀನಿನ ಬಾರಿನಲ್ಲಿ. ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಹಾಗೆ ಕಲಿತೆ. ಆದರೆ ತೊಗಲಿನ ಗುಣ ತಿಳಿದದ್ದು ಅಜ್ಜನಿಂದ. ಅವರು ಶಿವಮೊಗ್ಗದಲ್ಲಿ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುತ್ತಿದ್ದರು. ತೊಗಲನ್ನು ಬೆರಳಿನ ನಡುವೆ ಮಡಚಿ, ಇದು ಬೆನ್ನು, ಇದು ಹೊಟ್ಟೆ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದರು.

ಕುದುರೆಯ ಅಲಂಕಾರ ನಮ್ಮಲ್ಲಿ ಹಳೆಯದು. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಆನೆ, ಸಿಂಹ, ಬಳ್ಳಿಯ ಸಾಲಿನ ಮೇಲೆ ಕುದುರೆ ಸವಾರರ ಸಾಲು ಇದೆ. ಹೋದಾಗ ಅವರ ಲಗಾಮು, ಜೀನಿನ ಪಟ್ಟಿಗಳನ್ನು ಹತ್ತಿರದಿಂದ ನೋಡಿ. ಕಲ್ಲು ಕೆತ್ತಿದವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಂಥ ಬಾರುಗಳನ್ನು ಕತ್ತರಿಸಿ ಹೊಲಿದ ಕೈಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ತೊಗಲಿನ ವಿದ್ಯೆಯನ್ನು ಈ ನಾಡಿನಲ್ಲಿ ಉಳಿಸಿಕೊಂಡು ಬಂದವರು ಸಮಗಾರರು, ಮಾದಿಗರು, ಡೋಹರರು. ಅವರು ಮಾಡಿದ ಚಪ್ಪಲಿ ಮೆಟ್ಟಿದವರೇ ಅವರನ್ನು ಅಂಗಳದಾಚೆ ನಿಲ್ಲಿಸಿದರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಇಂಥ ಊರಿನದೇ ಸಾಮಾನು ಅಂತ ಹೇಳುವ ಭೌಗೋಳಿಕ ಗುರುತು ಸಿಕ್ಕಿತು. ಅದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಒಂದು ಮೊಳೆಯೂ ಇಲ್ಲದೆ ಬರೀ ತೊಗಲಿನ ಎಳೆಯಲ್ಲಿ ಹೊಲಿಯುವ ಆ ಚಪ್ಪಲಿ ಕೈಗೆ ತೆಗೆದುಕೊಂಡಾಗೆಲ್ಲ ನನಗೆ ಅಜ್ಜನ ನೆನಪಾಗುತ್ತದೆ.

ಬೈಕಿನ ಚೀಲಕ್ಕೆ ಹಾಕಬಹುದಾ?

ಹಾಕಬಹುದು. ಎರಡು ಗುಂಡಿ ಹಾಕಿಸಿಕೊಳ್ಳಿ, ಒಂದು ಸಾಲದು. ಇಂಜಿನ್, ಸೈಲೆನ್ಸರ್ ಶಾಖ ತಾಗುವ ಕಡೆ ಬೇಡ.

ಹಳೆ ಗುಂಡಿ ಸಡಿಲವಾಗಿದೆ. ಕಳಿಸಿಕೊಡಲಾ?

ಕಳಿಸುವ ಮುಂಚೆ ಮನೆಯಲ್ಲೇ ಒಂದು ಸಲ ನೋಡಿ. ಬಾರು ಒದ್ದೆಯಾಗದ ಹಾಗೆ, ಗುಂಡಿಯನ್ನು ಮಾತ್ರ ಬಟ್ಟಲಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಹತ್ತು ನಿಮಿಷ ಬಿಟ್ಟು ಸುರುಳಿಯನ್ನು ಬೆರಳಿನಲ್ಲಿ ಒತ್ತಿ ಬಿಗಿ ಮಾಡಿ, ಬಾಲ ಎಳೆಯಿರಿ. ದಾರದಲ್ಲಿ ಸುತ್ತಿ ಕಟ್ಟಿ ಒಣಗಲು ಬಿಡಿ. ತೂಕ ನಿಂತ ಮೇಲೆ ದಾರ ಬಿಚ್ಚಿ. ಬಾಲದ ಬುಡದಲ್ಲಿ ಬಿರುಕು ಕಂಡರೆ ಮಾತ್ರ ಹೊಸದು ಬೇಕು. ಆಗ ಹಳೆಯದನ್ನೂ ಜೊತೆಗೆ ಕಳಿಸಿ, ಅಳತೆಗೆ ಬೇಕಾಗುತ್ತದೆ.